ಬೋರ್ಡಿನ ಮೇಲೆ ಇಂಟರ್‌ನ್ಯಾಷನಲ್, ಒಳಗೆ ಯಾವ ಬೋರ್ಡು?

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡ ಹುಡುಗನೊಬ್ಬ ನಡೆದುಕೊಂಡೇ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಆ ಹುಡುಗನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯ. ಹಳ್ಳಿಯಿಂದ ಬಂದವರಿಗೆ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಒಂದು ಒಳ್ಳೆಯ ಶಾಲೆ ಎಂದರೆ ಆಗ ಹೀಗಿತ್ತು.

ಈಗಲೂ ನಮ್ಮೂರುಗಳಿಂದ ಹೋದವರು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಮನೆ ಮಾಡುತ್ತಾರೆ. ಮಗುವಿಗೆ ಮೂರೂವರೆ ವರ್ಷವಾಗುತ್ತಿದ್ದಂತೆ ಅವರ ಪ್ರಶ್ನೆ ಒಂದೇ: ಯಾವ ಇಂಟರ್‌ನ್ಯಾಷನಲ್ ಸ್ಕೂಲಿಗೆ ಹಾಕೋದು? ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಪದ ಇಲ್ಲಿಗೆ ಬಂದ ದಾರಿ ಗೊತ್ತಿರಬೇಕು.

ಹಳೆಯ ಬೆಂಗಳೂರು ಎರಡು ಊರು. ದಂಡು ಪ್ರದೇಶದಲ್ಲಿ ಬಿಷಪ್ ಕಾಟನ್ (1865), ಬಾಲ್ಡ್‌ವಿನ್ (1880) ಶಾಲೆಗಳಿದ್ದವು. ಅಂಥ ಶಾಲೆಗಳ ಮಕ್ಕಳು ಇಂಗ್ಲೆಂಡಿನ ಕೇಂಬ್ರಿಜ್ ಪರೀಕ್ಷೆ ಬರೆಯುತ್ತಿದ್ದರು. ಪೇಟೆಯ ಕಡೆ 1898ರ ಪ್ಲೇಗಿನ ನಂತರ ಬಸವನಗುಡಿ ಬೆಳೆಯಿತು, 1917ರಲ್ಲಿ ನ್ಯಾಷನಲ್ ಹೈಸ್ಕೂಲು ಆರಂಭವಾಯಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಆಮೇಲೆ ಬಿಟಿಎಂ ಆದವು.

ಸ್ವಾತಂತ್ರ್ಯಾನಂತರ ಕೇಂಬ್ರಿಜ್ ಪರೀಕ್ಷೆಯ ಜಾಗದಲ್ಲಿ ನಮ್ಮದೇ ವ್ಯವಸ್ಥೆ ಬರಲೆಂದು 1958ರಲ್ಲಿ ಐಸಿಎಸ್‌ಇ ನಡೆಸುವ ಮಂಡಳಿ ಹುಟ್ಟಿತು. 1962ರಲ್ಲಿ ಸಿಬಿಎಸ್‌ಇ ಈಗಿನ ರೂಪಕ್ಕೆ ಬಂತು. ರಾಜ್ಯದ ಎಸ್ಸೆಸ್ಸೆಲ್ಸಿ ಇದ್ದೇ ಇತ್ತು.

ಮುಂದಿನ ಜಗಳ ಬೋರ್ಡಿನದಲ್ಲ, ಮಾಧ್ಯಮದ್ದು. 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡದ ಸ್ಥಾನಕ್ಕಾಗಿ ಜನ ಬೀದಿಗಿಳಿದರು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದಿತು. ಅನೇಕ ಶಾಲೆಗಳು ಕನ್ನಡ ಮಾಧ್ಯಮವೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡಿದವು. 2006ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದತಿಗೆ ಸರ್ಕಾರ ಮುಂದಾಯಿತು. 2008ರಲ್ಲಿ ಹೈಕೋರ್ಟು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಶಾಲೆಗಳ ಪರ ತೀರ್ಪು ಕೊಟ್ಟವು. ಮಾಧ್ಯಮದ ಆಯ್ಕೆ ಮಗುವಿನದು, ಮಗುವಿನ ಪರವಾಗಿ ಪೋಷಕರದು ಎಂಬುದು ಅಲ್ಲಿಗೆ ಖಚಿತವಾಯಿತು.

ಅಷ್ಟರಲ್ಲಿ ಪೋಷಕರ ಮುಂದೆ ಇಂಟರ್‌ನ್ಯಾಷನಲ್ ಎಂಬ ಪದ ಬಂದು ನಿಂತಿತ್ತು. ಈ ಪದದ ಮೂಲ ಅರ್ಥ ಬೇರೆ. ರಾಯಭಾರಿಗಳು, ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರು ದೇಶದಿಂದ ದೇಶಕ್ಕೆ ವರ್ಗವಾದಾಗ ಮಕ್ಕಳ ಓದು ಕೆಡಬಾರದೆಂದು 1968ರಲ್ಲಿ ಜಿನೀವಾದಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂದರೆ ಐಬಿ, ಆರಂಭವಾಯಿತು. ಭಾರತದಲ್ಲಿ 1976ರಲ್ಲಿ ಕೊಡೈಕನಾಲ್ ಶಾಲೆ ಮೊದಲು ಅದನ್ನು ತಂದಿತು. 1988ರಲ್ಲಿ ಐಜಿಸಿಎಸ್‌ಇ ಪರೀಕ್ಷೆ ಶುರುವಾಯಿತು. ಅಂದರೆ 1958ರಲ್ಲಿ ಯಾವುದರ ಜಾಗ ತುಂಬಲು ಸ್ವಂತ ಮಂಡಳಿ ಕಟ್ಟಿದೆವೋ, ಆ ಕೇಂಬ್ರಿಜ್ ಪರೀಕ್ಷೆಯೇ ಹೊಸ ಹೆಸರಿನಲ್ಲಿ ವಾಪಸು ಬಂತು.

ಆದರೆ ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇದ್ದ ಮಾತ್ರಕ್ಕೆ ಒಳಗೆ ಐಬಿ ಇರಬೇಕೆಂದಿಲ್ಲ. ಸಿಬಿಎಸ್‌ಇ ಇರಬಹುದು, ರಾಜ್ಯ ಪಠ್ಯವೂ ಇರಬಹುದು. 2023ರ ಆರಂಭದಲ್ಲಿ ಬೆಂಗಳೂರಿನಲ್ಲೇ ಇದು ಬಯಲಾಯಿತು. ಐದು ಮತ್ತು ಎಂಟನೇ ತರಗತಿಗೆ ರಾಜ್ಯ ಸರ್ಕಾರ ಪಬ್ಲಿಕ್ ಪರೀಕ್ಷೆ ಮಾಡಲು ಹೊರಟಾಗ, ಸಿಬಿಎಸ್‌ಇ ಎಂದು ನಂಬಿ ದುಬಾರಿ ಶುಲ್ಕ ಕಟ್ಟಿದ್ದ ಪೋಷಕರಿಗೆ ತಮ್ಮ ಮಕ್ಕಳು ರಾಜ್ಯ ಪಠ್ಯದ ಶಾಲೆಯಲ್ಲಿದ್ದಾರೆಂದು ಗೊತ್ತಾಯಿತು. ಅವರು ಶಾಲೆಗಳ ಗೇಟಿನ ಮುಂದೆ ಪ್ರತಿಭಟಿಸಬೇಕಾಯಿತು.

ಹಾಗಾಗಿ ಶಾಲೆಗಳನ್ನು ಹೋಲಿಸುವಾಗ ಈಜುಕೊಳ, ಎಸಿ ಬಸ್ಸು ಆಮೇಲೆ ನೋಡಿ. ಮೊದಲು ಸಂಯೋಜನೆಯ ಪತ್ರ ಕೇಳಿ. ಸಿಬಿಎಸ್‌ಇ ಎಂದರೆ ಅಫಿಲಿಯೇಷನ್ ಸಂಖ್ಯೆ ಪಡೆದು ಮಂಡಳಿಯ ವೆಬ್‌ಸೈಟಿನಲ್ಲಿ ನೋಡಿ. ಆ ಸಂಖ್ಯೆ ಇದೇ ಕಟ್ಟಡದ್ದೋ, ಅದೇ ಸಂಸ್ಥೆಯ ಬೇರೆ ಶಾಖೆಯದ್ದೋ ಗಮನಿಸಿ. ಐಬಿ ಎಂದರೆ ಪೂರ್ಣ ಮಾನ್ಯತೆ ಸಿಕ್ಕಿದೆಯೋ, ಇನ್ನೂ ‘ಕ್ಯಾಂಡಿಡೇಟ್’ ಹಂತದಲ್ಲಿದೆಯೋ ಕೇಳಿ.

ಎರಡನೆಯದು, ಮಗು ಮುಂದೆ ಎಲ್ಲಿಗೆ ಹೋಗಬೇಕು. ಜೆಇಇ, ನೀಟ್ ಎನ್‌ಸಿಇಆರ್‌ಟಿ ಪಠ್ಯಕ್ಕೆ ಹತ್ತಿರ, ಸಿಇಟಿ ನಮ್ಮ ಪಿಯು ಪಠ್ಯಕ್ಕೆ. ಐಬಿ ಓದಿದವರಿಗೆ ಹೊರದೇಶದ ವಿಶ್ವವಿದ್ಯಾಲಯದ ದಾರಿ ಸಲೀಸು, ಇಲ್ಲಿನ ಪ್ರವೇಶ ಪರೀಕ್ಷೆಗಳಿಗೆ ಪ್ರತ್ಯೇಕ ತಯಾರಿ ಬೇಕು. ಮೂರನೆಯದು ಕನ್ನಡ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬೇರೆ ಬೋರ್ಡಿನ ಶಾಲೆಗಳಿಗೂ ಅನ್ವಯಿಸುತ್ತದೆ. ಎಷ್ಟನೇ ತರಗತಿಯವರೆಗೆ, ವಾರಕ್ಕೆ ಎಷ್ಟು ಪೀರಿಯಡ್ ಎಂದು ಕೇಳಲು ಸಂಕೋಚ ಬೇಡ.

ಈ ಎಲ್ಲ ಆಯ್ಕೆಯೂ ಶುಲ್ಕ ಕಟ್ಟಬಲ್ಲವರಿಗೆ ಮಾತ್ರ. ಆರ್‌ಟಿಇ ಅಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ 2012ರಿಂದ ಸಿಗುತ್ತಿದ್ದ ಸೀಟುಗಳು, 2019ರಲ್ಲಿ ನಿಯಮ ಬದಲಾದ ಮೇಲೆ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದ ಕಡೆ ಇಲ್ಲವಾದವು. ಬೆಂಗಳೂರಿನಂಥ ಊರಲ್ಲಿ ಅಂಥ ಶಾಲೆ ಹತ್ತಿರ ಇಲ್ಲದ ಬಡಾವಣೆ ಅಪರೂಪ. ಹೊಸೂರಿನಿಂದ ಇವತ್ತು ಒಬ್ಬ ಹುಡುಗ ನಡೆದು ಬಂದರೆ ಈ ಇಂಟರ್‌ನ್ಯಾಷನಲ್ ಶಾಲೆಗಳ ಗೇಟಿನ ಸೆಕ್ಯುರಿಟಿಯವರು ಮೊದಲು ಕೇಳುವುದು, ‘ಅಪಾಯಿಂಟ್‌ಮೆಂಟ್ ಇದೆಯಾ?’