ಇಪ್ಪತ್ತು ನಿಮಿಷದ ಗಾಜಿನ ನಳಿಕೆ: ಹಾವು ಕಡಿತದ ಮೂಲಕ ಶರೀರಕ್ರಿಯೆಯ ಬೋಧನೆ

ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಅಂಗರಚನೆ, ಶರೀರಕ್ರಿಯೆ ಎರಡೂ ಮೊದಲ ಸೆಮಿಸ್ಟರಿನಲ್ಲಿವೆ; ಎರಡರ ಹೆಸರಿಗೂ 'ಅನ್ವಯಿಕ' ಎಂಬ ವಿಶೇಷಣ ಸೇರಿದೆ. ಪಾಠದ ಕ್ರಮ ಮಾತ್ರ ಬಹುಮಟ್ಟಿಗೆ ಹಳೆಯದೇ: ರಕ್ತ ಒಂದು ಅಧ್ಯಾಯ, ನರ ಇನ್ನೊಂದು, ಮೂತ್ರಪಿಂಡ ಮತ್ತೊಂದು. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯಂಥ ಕಡೆಯಿಂದ ಹಾವು ಕಡಿದು ಬರುವ ರೋಗಿಯ ಮೈಯಲ್ಲಿ ಈ ಅಧ್ಯಾಯಗಳು ಸರದಿಗೆ ಕಾಯುವುದಿಲ್ಲ. ಈ ಸೀಮೆಯ ನರ್ಸಿಂಗ್ ವಿದ್ಯಾರ್ಥಿಗಳಿಗೆ ಶರೀರಕ್ರಿಯೆಯ ಪ್ರವೇಶವನ್ನು ಹಾವು ಕಡಿತದಿಂದಲೇ ಮಾಡಿಸಬೇಕು ಎಂಬುದು ಈ ಲೇಖನದ ವಾದ.

ಎಮ್ಮೆದೊಡ್ಡಿಯ ಹೆಸರು ಹೊರಗಿನ ಓದುಗರಿಗೆ ಗೊತ್ತಿರುವುದು ಕೆನೆತ್ ಆ್ಯಂಡರ್ಸನ್ 1954ರ ತನ್ನ ಪುಸ್ತಕದಲ್ಲಿ ಬರೆದ ನರಭಕ್ಷಕ ಹುಲಿಯಿಂದ. ಹುಲಿಯ ಕಥೆಗೆ ಓದುಗರು ಸಿಕ್ಕಷ್ಟು ಸುಲಭವಾಗಿ ಹಾವಿನ ಸಾವಿಗೆ ಲೆಕ್ಕ ಸಿಗಲಿಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ಒಂದು ಅಂದಾಜು ಹೇಳುತ್ತದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದ್ದು 2024ರ ಫೆಬ್ರುವರಿಯಲ್ಲಿ. ಕುರುಚಲು ಕಾಡು, ರಾಗಿ ಹೊಲ, ತೆಂಗಿನ ತೋಟ ಒಂದಕ್ಕೊಂದು ತಾಗಿಕೊಂಡಿರುವ ನೆಲದಲ್ಲಿ ಇಲಿ ಇದ್ದಲ್ಲಿಗೆ ಹಾವು ಬರುತ್ತದೆ; ಬರಿಗಾಲಿನಲ್ಲಿ ನೀರು ಕಟ್ಟಲು ಹೋದವರು ಅದನ್ನು ತುಳಿಯುತ್ತಾರೆ.

ಆಸ್ಪತ್ರೆಯಲ್ಲಿ ನರ್ಸ್ ಮಾಡುವ ಮೊದಲ ಪರೀಕ್ಷೆಗಳಲ್ಲಿ ಒಂದು ತೀರಾ ಸರಳ. ಅಭಿಧಮನಿಯಿಂದ ತೆಗೆದ ಸುಮಾರು 2 ಮಿ.ಲೀ. ರಕ್ತವನ್ನು ಹೊಸ, ಒಣಗಿದ ಗಾಜಿನ ನಳಿಕೆಗೆ ಬಿಟ್ಟು, ಅಲುಗಿಸದೆ 20 ನಿಮಿಷ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ಒಮ್ಮೆ ವಾಲಿಸಿ ನೋಡುವುದು. ಕೈಪಿಡಿಗಳು ಇದನ್ನು ವಿಧಿಯಾಗಿ ಹೇಳುತ್ತವೆ; ಪ್ರತಿ ಪದದ ಹಿಂದಿರುವ ಶರೀರಕ್ರಿಯೆಯನ್ನು ವಿವರಿಸುವುದು ಅಪರೂಪ. ಗಾಜೇ ಏಕೆ? ಋಣ ವಿದ್ಯುದಂಶವುಳ್ಳ ಗಾಜಿನ ಮೈ ತಗುಲಿದಾಗ ರಕ್ತದ ಹನ್ನೆರಡನೆಯ ಅಂಶ ಚುರುಕಾಗಿ ಹೆಪ್ಪುಗಟ್ಟುವ ಸರಣಿ ಹೊರಡುತ್ತದೆ. ಪ್ಲಾಸ್ಟಿಕ್ಕಿಗೆ ಆ ಗುಣ ಸಾಲದು. ಹೊಸದೇ ಏಕೆ? ತೊಳೆದ ನಳಿಕೆಯಲ್ಲಿ ಉಳಿದ ಮಾರ್ಜಕದ ಲೇಪ ಅದೇ ಸರಣಿಯನ್ನು ತಡೆಯುತ್ತದೆ. ಆಗ ವಿಷವೇರದವನ ರಕ್ತವೂ ನೀರಾಗಿಯೇ ಉಳಿದು, ಬೇಡದ ಪ್ರತಿವಿಷ ಅವನ ಮೈ ಸೇರುತ್ತದೆ. ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತವನ್ನೂ ಇಟ್ಟರೆ ನಳಿಕೆಯ ದೋಷ ಬಯಲಾಗುತ್ತದೆ. ಹೆಪ್ಪುಗಟ್ಟುವಿಕೆಯ ಅಂಶಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು ಎರಡು ನಳಿಕೆಗಳನ್ನು ಮುಂದಿಟ್ಟು ಪಾಠ ಮಾಡಿದರೆ ಪಟ್ಟಿ ತಾನಾಗಿ ಅರ್ಥವಾಗುತ್ತದೆ.

ಕೊಳಕುಮಂಡಲದ ವಿಷ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ಕೆರಳಿಸುತ್ತದೆ. ಗರಗಸ ಮಂಡಲದ್ದು ನೇರವಾಗಿ ಪ್ರೋಥ್ರಾಂಬಿನ್ನನ್ನೇ ಹಿಡಿಯುತ್ತದೆ. ಎರಡರಲ್ಲೂ ಥ್ರಾಂಬಿನ್ ಉಕ್ಕಿ ಫೈಬ್ರಿನೋಜನ್ ಖರ್ಚಾಗಿಹೋಗುತ್ತದೆ. ನಾಳಗಳ ಒಳಗೆ ಅತಿಯಾಗಿ ಹೆಪ್ಪುಗಟ್ಟಿದ್ದರಿಂದಲೇ ನಳಿಕೆಯಲ್ಲಿ ಹೆಪ್ಪು ಕಟ್ಟದು. ಪ್ರತಿವಿಷ ಕೊಟ್ಟ ಮೇಲೆ ಪರೀಕ್ಷೆಯನ್ನು ಆರು ಗಂಟೆ ಬಿಟ್ಟು ಮಾಡುವುದಕ್ಕೂ ಕಾರಣವಿದೆ: ಪ್ರತಿವಿಷ ವಿಷವನ್ನು ಕಟ್ಟಿಹಾಕುತ್ತದೆಯೇ ಹೊರತು ಫೈಬ್ರಿನೋಜನ್ ತಯಾರಿಸುವುದಿಲ್ಲ. ಅದು ಯಕೃತ್ತಿನ ಕೆಲಸ, ಯಕೃತ್ತಿಗೆ ಅಷ್ಟು ಹೊತ್ತು ಬೇಕು. ಅತ್ತ, ಹೃದಯ ಹೊರಹಾಕುವ ರಕ್ತದ ಐದನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಪಡೆಯುವ ಮೂತ್ರಪಿಂಡಗಳಿಗೆ ಕೊಳಕುಮಂಡಲದ ಪೆಟ್ಟು ಜೋರಾಗಿ ಬೀಳುತ್ತದೆ. ಗಂಟೆಗೊಮ್ಮೆ ಅಳೆದ ಮೂತ್ರ ತೂಕದ ಪ್ರತಿ ಕಿಲೋಗೆ ಅರ್ಧ ಮಿ.ಲೀ.ಗಿಂತ ಇಳಿಯುತ್ತಿದ್ದರೆ ವೈದ್ಯರನ್ನು ಎಬ್ಬಿಸಬೇಕು.

ನಾಗರಹಾವು ಮತ್ತು ಕಟ್ಟುಹಾವು ಹಿಡಿಯುವುದು ನರ ಸ್ನಾಯುವನ್ನು ಸೇರುವ ಸಂಧಿಯನ್ನು. ನಾಗರದ ವಿಷ ಸ್ನಾಯುವಿನ ಕಡೆಯ ಗ್ರಾಹಕಗಳ ಮೇಲೆ ಕೂತು ಅಸಿಟೈಲ್‌ಕೋಲಿನ್ನಿಗೆ ಜಾಗ ಬಿಡದು. ನಿಯೋಸ್ಟಿಗ್ಮಿನ್ ಕೊಟ್ಟು ಆ ರಾಸಾಯನಿಕ ಒಡೆಯದಂತೆ ತಡೆದರೆ ಸ್ಪರ್ಧೆಯಲ್ಲಿ ಅದು ಗೆಲ್ಲಬಹುದು. ಕಟ್ಟುಹಾವಿನ ವಿಷ ನರತುದಿಯನ್ನೇ ಹಾಳುಮಾಡುತ್ತದೆ. ಬಿಡುಗಡೆಯಾಗಲು ಅಸಿಟೈಲ್‌ಕೋಲಿನ್ನೇ ಇಲ್ಲದಾಗ ಅದೇ ಔಷಧ ಅಷ್ಟಾಗಿ ಫಲಿಸದು. ಹೊಸ ನರತುದಿ ಬೆಳೆಯುವವರೆಗೆ, ದಿನಗಟ್ಟಲೆ, ಕೃತಕ ಉಸಿರಾಟವೇ ಗತಿ. ನೆಲದಲ್ಲಿ ಮಲಗಿದವರನ್ನು ರಾತ್ರಿ ಕಡಿಯುವ ಈ ಹಾವಿನ ಗಾಯ ಅನೇಕ ಸಲ ಕಣ್ಣಿಗೂ ಬೀಳದು. ಹೀಗೆ ಕಡಿಸಿಕೊಂಡು ಬೆಳಗಿನ ಜಾವ ಹೊಟ್ಟೆನೋವೆಂದು ಬಂದವರಿಗೆ ಅಸಿಡಿಟಿ ಮಾತ್ರೆ ಕೊಟ್ಟು ಕಳಿಸುವ ಅಪಾಯ ಇಲ್ಲಿದೆ.

ಮೊದಲು ರೆಪ್ಪೆ ಜೋತುಬೀಳುತ್ತದೆ. ಆಮೇಲೆ ನೋಟ ಎರಡಾಗುತ್ತದೆ, ನುಂಗಲಾಗದೆ ಜೊಲ್ಲು ಸೋರುತ್ತದೆ, ಕತ್ತು ನಿಲ್ಲದು, ಕೊನೆಗೆ ಪಕ್ಕೆಲುಬಿನ ಸ್ನಾಯು ಮತ್ತು ವಪೆ ಸೋಲುತ್ತವೆ. ಬೆರಳಿಗೆ ಹಾಕಿದ ಯಂತ್ರದ ಅಂಕಿಯನ್ನೇ ನಂಬಿ ಕೂರುವಂತಿಲ್ಲ, ಆಮ್ಲಜನಕ ಇಳಿಯುವ ಹೊತ್ತಿಗೆ ಸ್ನಾಯು ಸೋತಾಗಿರುತ್ತದೆ. ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಲು ಹೇಳಿ, ಎಷ್ಟಕ್ಕೆ ನಿಲ್ಲುತ್ತಾರೆಂದು ಮತ್ತೆ ಮತ್ತೆ ಬರೆದಿಡುವುದು ಯಂತ್ರಕ್ಕಿಂತ ಮೊದಲೇ ಸುಳಿವು ಕೊಡುತ್ತದೆ.

ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿಕೊಂಡು ಬರುವ ರೂಢಿ ಇನ್ನೂ ಹೋಗಿಲ್ಲ. ವಿಷದ ದೊಡ್ಡ ಅಣುಗಳು ಹೆಚ್ಚಾಗಿ ಸಾಗುವುದು ದುಗ್ಧನಾಳಗಳಲ್ಲಿ, ಅವುಗಳನ್ನು ಒತ್ತಿ ಸಾಗಿಸುವುದು ಸ್ನಾಯುಗಳ ಚಲನೆ. ಆದ್ದರಿಂದ ಕಾಲಿಗೆ ದಬ್ಬೆ ಕಟ್ಟಿ ಅಲುಗದಂತೆ ಹೊತ್ತು ತರುವುದು ಸರಿ. ಧಮನಿ ಮುಚ್ಚುವ ಹಗ್ಗದಿಂದ ಕಾಲು ಕೊಳೆಯುತ್ತದೆ.

ಕಟ್ಟುಹಾವು ಕಡಿದವರ ಪಾಪೆ ಹಿಗ್ಗಿ ಬೆಳಕಿಗೆ ಸ್ಪಂದಿಸದೆ ಇರಬಹುದು, ಬೆರಳೂ ಅಲುಗದು. ಮಿದುಳು ಸತ್ತಿದೆಯೆಂದು ತಿಳಿಯುವವರಿದ್ದಾರೆ. ಆದರೆ ಈ ವಿಷ ರಕ್ತ-ಮಿದುಳಿನ ತಡೆಯನ್ನು ದಾಟುವುದಿಲ್ಲ. ಉಸಿರು ತಪ್ಪದಂತೆ ನೋಡಿಕೊಂಡಿದ್ದರೆ ರೋಗಿಗೆ ಎಚ್ಚರವಿರುತ್ತದೆ, ಕಿವಿ ಕೇಳುತ್ತಿರುತ್ತದೆ, ಸೂಜಿಯ ನೋವು ತಿಳಿಯುತ್ತಿರುತ್ತದೆ. ಮಗ್ಗುಲು ಬದಲಿಸುವ ಮುಂಚೆ, ಗಂಟಲ ಕಫ ಎಳೆಯುವ ಮುಂಚೆ, ಏನು ಮಾಡುತ್ತಿದ್ದೇನೆಂದು ನರ್ಸ್ ಅವರಿಗೆ ಕನ್ನಡದಲ್ಲಿ ಹೇಳಬೇಕು; ಮುಚ್ಚದ ಕಣ್ಣಿಗೆ ಮುಲಾಮು ಹಚ್ಚಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ಇದಕ್ಕೂ ಅಂಕವಿರಲಿ.