ಕಂಪ್ರೆಸರ್ ಇಲ್ಲದ ತಂಪು

1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಎಮಿಲ್ ಲೆನ್ಜ್ ಅವರು ಬಿಸ್ಮತ್ ಮತ್ತು ಆಂಟಿಮನಿ ಸರಳುಗಳು ಕೂಡುವ ಜಾಗದಲ್ಲಿ ಒಂದು ಹನಿ ನೀರಿಟ್ಟು ವಿದ್ಯುತ್ ಹರಿಸಿದರು. ಹನಿ ಹೆಪ್ಪುಗಟ್ಟಿತು. ವಿದ್ಯುತ್ತಿನ ದಿಕ್ಕು ಬದಲಿಸಿದೊಡನೆ ಕರಗಿತು. ಗಡಿಯಾರ ತಯಾರಿಕೆ ಬಿಟ್ಟು ವಿಜ್ಞಾನಕ್ಕೆ ಬಂದಿದ್ದ ಫ್ರಾನ್ಸಿನ ಝಾನ್ ಪೆಲ್ಟಿಯರ್ ಇಂಥ ಬೆಸುಗೆಗಳಲ್ಲಿ ತಾಪ ಏರಿಳಿಯುವುದನ್ನು 1834ರಲ್ಲೇ ಕಂಡಿದ್ದರು. ಅದರ ಅರ್ಥವನ್ನು ಬಿಡಿಸಿ ತೋರಿಸಿದ್ದು ಲೆನ್ಜ್ ಅವರ ಆ ಹನಿ.

ವಿದ್ಯುತ್ತನ್ನು ಒಯ್ಯುವ ಕಣಗಳು ಶಕ್ತಿಯನ್ನೂ ಹೊತ್ತೇ ಸಾಗುತ್ತವೆ. ಎಷ್ಟು ಹೊರುತ್ತವೆ ಎಂಬುದು ಪದಾರ್ಥದಿಂದ ಪದಾರ್ಥಕ್ಕೆ ಬೇರೆ. ಕಡಿಮೆ ಹೊರುವ ಕಡೆಯಿಂದ ಹೆಚ್ಚು ಹೊರುವ ಕಡೆಗೆ ದಾಟುವಾಗ, ಬೇಕಾದ ಶಕ್ತಿಯನ್ನು ಬೆಸುಗೆಯ ಸುತ್ತಲಿನ ಶಾಖದಿಂದಲೇ ಎತ್ತಿಕೊಳ್ಳುತ್ತವೆ. ಅಲ್ಲಿ ತಂಪಾಗುತ್ತದೆ. ಎತ್ತಿದ್ದನ್ನು ಇನ್ನೊಂದು ಬೆಸುಗೆಯಲ್ಲಿ ಇಳಿಸುತ್ತವೆ, ಅಲ್ಲಿ ಬಿಸಿ.

ತತ್ವ ಇಷ್ಟು ಸರಳವಾದರೂ ಬಳಕೆಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಹರಿಯುವ ವಿದ್ಯುತ್ತೇ ಒಳಗೆ ಬಿಸಿ ಹುಟ್ಟಿಸುತ್ತದೆ. ಹೊರಹಾಕಿದ ಶಾಖ ಅದೇ ಸರಳಿನ ಮೂಲಕ ತಂಪು ಬದಿಗೆ ಹಿಂದಿರುಗುತ್ತದೆ. ತೂತು ಬಿದ್ದ ಕೊಡದಲ್ಲಿ ನೀರು ಸೇದಿದಂತೆ. ಒಳ್ಳೆಯ ಪದಾರ್ಥದಲ್ಲಿ ಈ ಉಷ್ಣವಿದ್ಯುತ್ ಪರಿಣಾಮ ಹೆಚ್ಚಿರಬೇಕು, ವಿದ್ಯುತ್ ಸಲೀಸಾಗಿ ಹರಿಯಬೇಕು, ಶಾಖ ಮಾತ್ರ ಹರಿಯಬಾರದು ಎಂದು ಜರ್ಮನಿಯ ಆಲ್ಟೆನ್‌ಕಿರ್ಚ್ 1911ರ ಹೊತ್ತಿಗೆ ಲೆಕ್ಕ ಹಾಕಿ ಹೇಳಿದರು. ಈ ಮೂರನ್ನೂ ಸೇರಿಸಿ ಅಳೆಯುವ ಸಂಖ್ಯೆಯನ್ನು ಇಂದು ‘ಜೆಡ್‌ಟಿ’ ಎನ್ನುತ್ತಾರೆ. ಲೋಹಗಳು ಇಲ್ಲಿ ಸೋಲುತ್ತವೆ. ಅವುಗಳಲ್ಲಿ ವಿದ್ಯುತ್ತನ್ನೂ ಶಾಖವನ್ನೂ ಒಯ್ಯುವುದು ಅವೇ ಎಲೆಕ್ಟ್ರಾನುಗಳು.

ದಾರಿ ತೆರೆದದ್ದು ಅರೆವಾಹಕಗಳು. ಲೆನಿನ್‌ಗ್ರಾಡಿನಲ್ಲಿ ಅಬ್ರಾಂ ಯೋಫೆ ಅವರ ತಂಡ ಸಿದ್ಧಾಂತವನ್ನು ಬೆಳೆಸಿತು. ಇಂಗ್ಲೆಂಡಿನಲ್ಲಿ ಜೂಲಿಯನ್ ಗೋಲ್ಡ್‌ಸ್ಮಿಡ್ ಮತ್ತು ಡಗ್ಲಸ್ 1954ರಲ್ಲಿ ಬಿಸ್ಮತ್ ಟೆಲ್ಯುರೈಡ್ ಬಳಸಿ 26 ಡಿಗ್ರಿಯಷ್ಟು ತಾಪ ಇಳಿಸಿ ತೋರಿಸಿದರು. ಮನೆಮನೆಯ ಫ್ರಿಜ್ಜೂ ಇನ್ನು ಹೀಗೆಯೇ ಎಂಬ ಉತ್ಸಾಹ ಆಗ ಹಬ್ಬಿತ್ತು. ಅದು ಕೈಗೂಡಲಿಲ್ಲ. ಜೆಡ್‌ಟಿ ದಶಕಗಟ್ಟಲೆ 1ರ ಆಸುಪಾಸಿನಲ್ಲೇ ನಿಂತಿತು. ಕಂಪ್ರೆಸರ್ ಅಷ್ಟೇ ವಿದ್ಯುತ್ತಿನಲ್ಲಿ ಹಲವು ಪಟ್ಟು ಶಾಖ ಎತ್ತಬಲ್ಲದು.

ನನ್ನ ದೃಷ್ಟಿಯಲ್ಲಿ ಇದನ್ನು ಸೋಲೆನ್ನುವುದು ತಪ್ಪು. ಈ ತಂತ್ರದ ಬಲ ಇರುವುದು ಹೆಚ್ಚು ತಂಪಿನಲ್ಲಲ್ಲ, ತಾಪದ ಮೇಲಿನ ಹಿಡಿತದಲ್ಲಿ. ಆಪ್ಟಿಕಲ್ ಫೈಬರಿನ ಲೇಸರನ್ನೇ ನೋಡಿ. ತಾಪ ಒಂದು ಡಿಗ್ರಿ ಏರಿದರೆ ಅದರ ತರಂಗಾಂತರ ಸುಮಾರು 0.1 ನ್ಯಾನೊಮೀಟರ್ ಸರಿಯುತ್ತದೆ. ಒಂದೇ ಎಳೆಯಲ್ಲಿ ಸಾಗುವ ಪಕ್ಕಪಕ್ಕದ ಸಂದೇಶಗಳ ನಡುವಿನ ಅಂತರ 0.8 ನ್ಯಾನೊಮೀಟರ್ ಇರಬಹುದು. ಎಂಟು ಡಿಗ್ರಿ ಏರುಪೇರಾದರೆ ಒಂದರ ಮೇಲೊಂದು ಬೀಳುತ್ತವೆ. ಲೇಸರಿನ ಕೆಳಗೆ ಕೂತ ಪುಟ್ಟ ಪೆಲ್ಟಿಯರ್ ಬಿಲ್ಲೆ ಇದನ್ನು ತಡೆಯುತ್ತದೆ. ಖಗೋಳ ಕ್ಯಾಮೆರಾಗಳ ಸಂವೇದಕವನ್ನು ತಣ್ಣಗಿಟ್ಟು ಚಿತ್ರದ ಕಲೆಗಳನ್ನು ಕಡಿಮೆ ಮಾಡುವುದೂ ಇದೇ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿ ಮಾದರಿಯನ್ನು ಸುಮಾರು 95 ಡಿಗ್ರಿಗೆ ಏರಿಸಿ, 60ರ ಹತ್ತಿರಕ್ಕೆ ಇಳಿಸಿ, ಹೀಗೆ ಮೂವತ್ತು ನಲವತ್ತು ಸಲ ಮಾಡಬೇಕು. ಹೆಚ್ಚಿನ ಯಂತ್ರಗಳಲ್ಲಿ ಈ ಏರಿಳಿತಕ್ಕೆ ವಿದ್ಯುತ್ತಿನ ದಿಕ್ಕು ತಿರುಗಿಸಿದರೆ ಸಾಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ನಾಲ್ಕು ಸೆಂಟಿಮೀಟರಿನ ಚೌಕ ಬಿಲ್ಲೆಯೊಳಗೆ ಸಾಮಾನ್ಯವಾಗಿ 127 ಜೋಡಿ ಅರೆವಾಹಕ ತುಂಡುಗಳಿರುತ್ತವೆ. ಅದಕ್ಕೆ ಹೀಟ್‌ಸಿಂಕ್ ಮತ್ತು ಫ್ಯಾನ್ ಕಟ್ಟದೆ ವಿದ್ಯುತ್ ಕೊಟ್ಟರೆ ತಂಪು ಬದಿಯೂ ಬೇಗನೆ ಬಿಸಿಯಾಗುತ್ತದೆ. ಇದೇ ಬಿಲ್ಲೆಯನ್ನು ‘ಮಿನಿ ಎಸಿ’ ಎಂದು ಮಾರುವವರಿಂದ ಎಚ್ಚರವಾಗಿರಬೇಕು. ಬಿಸಿಗಾಳಿಯನ್ನು ಹೊರಗೆ ಸಾಗಿಸುವ ದಾರಿ ಇಲ್ಲದಿದ್ದರೆ, ಎತ್ತಿದ ಶಾಖದ ಜೊತೆಗೆ ವಿದ್ಯುತ್ತಿನ ಶಾಖವೂ ಕೋಣೆಯಲ್ಲೇ ಉಳಿಯುತ್ತದೆ. ಸಣ್ಣ ಪೆಟ್ಟಿಗೆಯಲ್ಲಿ ಔಷಧಿ ಒಯ್ಯುವವರಿಗಾದರೆ ಇದು ನಿಜಕ್ಕೂ ಉಪಕಾರಿ.

1993ರಲ್ಲಿ ಹಿಕ್ಸ್ ಮತ್ತು ಮಿಲ್ಡ್ರೆಡ್ ಡ್ರೆಸೆಲ್‌ಹೌಸ್, ಪದಾರ್ಥವನ್ನು ನ್ಯಾನೊ ಪದರಗಳಾಗಿಸಿದರೆ ಜೆಡ್‌ಟಿ ಏರಬಹುದು ಎಂದು ತೋರಿಸಿದ ಮೇಲೆ ಕ್ಷೇತ್ರ ಮತ್ತೆ ಚುರುಕಾಯಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್ ತಂಡ 2021ರಲ್ಲಿ ಬೆಳ್ಳಿ–ಆಂಟಿಮನಿ ಟೆಲ್ಯುರೈಡಿಗೆ ಕ್ಯಾಡ್ಮಿಯಂ ಬೆರೆಸಿ 2.6ರ ಜೆಡ್‌ಟಿ ಸಾಧಿಸಿತು. ಆದರೆ ಅದು 300 ಡಿಗ್ರಿ ತಾಪದಲ್ಲಿ. ತಂಪು ಮಾಡುವುದಕ್ಕಲ್ಲ, ಅದರ ತಿರುವುಮುರುವಾದ ಕೆಲಸಕ್ಕೆ, ವ್ಯರ್ಥವಾಗುವ ಶಾಖದಿಂದ ವಿದ್ಯುತ್ ತೆಗೆಯಲು ಒದಗುವಂಥದ್ದು. ಕೋಣೆಯ ತಾಪದಲ್ಲಿ ತಂಪು ಮಾಡಲು ಇಂದಿಗೂ ಬಿಸ್ಮತ್ ಟೆಲ್ಯುರೈಡೇ ಆಧಾರ. ಅದರ ಟೆಲ್ಯುರಿಯಂ ಭೂಮಿಯ ಹೊರಪದರದಲ್ಲಿ ಪ್ಲಾಟಿನಂನಷ್ಟೇ ವಿರಳ. ಅದರ ಬದಲಿಗೆ ಸುಲಭವಾಗಿ ಸಿಗುವ ಮೆಗ್ನೀಸಿಯಂ ಬಳಸಿದ ಬಿಸ್ಮತ್ ಸಂಯುಕ್ತಗಳು 2019ರಿಂದೀಚೆಗೆ ಭರವಸೆ ಹುಟ್ಟಿಸಿವೆ. ಗಾಳಿ ಮತ್ತು ತೇವಾಂಶಕ್ಕೆ ಅವು ಕೆಡದಂತೆ ಮಾಡುವ ಕೆಲಸ ಇನ್ನೂ ನಡೆಯುತ್ತಿದೆ.