ಸಜ್ಜೆ ಹಿಟ್ಟಿನ ಕಹಿ, ಹಂಚಿನ ಕಾವು

ಸಜ್ಜಿ ಹಿಟ್ಟು ಭಾಳ ದಿನ ಇಟ್ಟರ ಕಹಿ ಆಗತೈತಿ ಎಂಬುದು ಕುಷ್ಟಗಿ, ಯಲಬುರ್ಗಾ ಸೀಮೆಯ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಕಾಳಾಗಿದ್ದರೆ ತಿಂಗಳುಗಟ್ಟಲೆ ಕೆಡದ ಸಜ್ಜೆ, ಹಿಟ್ಟಾದ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಜೋಳದ ಹಿಟ್ಟು ಇಷ್ಟು ಬೇಗ ಕೆಡುವುದಿಲ್ಲ. ಆದ್ದರಿಂದಲೇ ಗಿರಣಿ ಬಂದ ಮೇಲೂ ಸಜ್ಜೆಯನ್ನು ಒಂದೆರಡು ಸೇರಿನಷ್ಟೇ ಬೀಸಿಸುವ ರೂಢಿ ಉಳಿದಿದೆ.

ಸಜ್ಜೆ ನಮಗೆ ಹೊಸದಲ್ಲ. ಆಫ್ರಿಕಾದಲ್ಲಿ ಮೊದಲು ಬೆಳೆಯಾದ ಈ ಧಾನ್ಯ ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಕರ್ನಾಟಕಕ್ಕೆ ಬಂದಿತ್ತು. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಅದರ ಕಾಳುಗಳು ದೊರೆತಿವೆ. ಅಂದಿನಿಂದ ಗಿರಣಿಯ ಕಾಲದವರೆಗೆ ಅದನ್ನು ಕಲ್ಲಿನಲ್ಲಿ ಅರೆದು, ಬೀಸಿ ಹಿಟ್ಟು ಮಾಡಿದವರು ಬಹುತೇಕ ಹೆಂಗಸರು. ಬೀಸುವ ಪದಗಳ ಬಗ್ಗೆ ನಮ್ಮ ಜಾನಪದ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಕೋಳಿ ಕೂಗುವ ಮೊದಲೇ ಎದ್ದು ಮತ್ತೆ ಮತ್ತೆ ಏಕೆ ಬೀಸಬೇಕಿತ್ತು, ತಿಂಗಳಿಗೊಮ್ಮೆ ಬೀಸಿಟ್ಟರೆ ಆಗುತ್ತಿರಲಿಲ್ಲವೇ ಎಂದು ಕೇಳಿದವರು ಕಡಿಮೆ. ಸಜ್ಜೆಯ ಮಟ್ಟಿಗಾದರೂ ಉತ್ತರ ಕಾಳಿನೊಳಗೇ ಇದೆ.

ಸಜ್ಜೆಯಲ್ಲಿ ನೂರಕ್ಕೆ ಸುಮಾರು 5 ಭಾಗ ಎಣ್ಣೆ, ಜೋಳಕ್ಕಿಂತ ಹೆಚ್ಚು. ಜೊತೆಗೆ ಲೈಪೇಸ್ ಎಂಬ ಕಿಣ್ವವೂ ಇದೆ. ಎಣ್ಣೆಯನ್ನು ಒಡೆಯುವುದು ಅದರ ಕೆಲಸ. ಇಡೀ ಕಾಳಿನಲ್ಲಿ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿ ಇದ್ದಂತೆ ಇರುತ್ತವೆ. ಕಲ್ಲು ತಿರುಗಿದೊಡನೆ ಗೋಡೆ ಒಡೆದು ಎರಡೂ ಬೆರೆಯುತ್ತವೆ. ಒಡೆದ ಎಣ್ಣೆಯಿಂದ ಕೊಬ್ಬಿನಾಮ್ಲಗಳು ಹೊರಬರುತ್ತವೆ. ಕಮಟು, ಕಹಿಗಳ ದಾರಿ ಅಲ್ಲಿಂದ ಶುರು.

ಈ ಕೆಲಸದ ವೇಗ ಕಾವನ್ನು ಅವಲಂಬಿಸಿದೆ. ಸ್ಥೂಲವಾಗಿ ಹೇಳುವುದಾದರೆ ಪ್ರತಿ 10 ಡಿಗ್ರಿ ಏರಿದಾಗ ಕಿಣ್ವದ ವೇಗ ಎರಡು ಪಟ್ಟಾಗುತ್ತದೆ. ಚಳಿಗಾಲದ 20 ಡಿಗ್ರಿಯಲ್ಲಿ ನಡೆಯುವ ಕೆಲಸ, ನಮ್ಮ ಬೇಸಿಗೆಯ 40 ಡಿಗ್ರಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಗ ಮುಗಿಯುತ್ತದೆ. ಆದರೆ ಈ ಏರಿಕೆಗೆ ಒಂದು ಮಿತಿ ಇದೆ. ಅದನ್ನು ದಾಟಿದರೆ ಕಿಣ್ವದ ಆಕಾರವೇ ಬಿಚ್ಚಿಹೋಗಿ, ಮತ್ತೆ ತಣಿಸಿದರೂ ಸಾಮಾನ್ಯವಾಗಿ ಅದು ಕೆಲಸಕ್ಕೆ ಬರುವುದಿಲ್ಲ. ಬೆಂದ ಮೊಟ್ಟೆ ಮತ್ತೆ ಹಸಿಯಾಗದಂತೆ.

ವಿಜ್ಞಾನ ಇದನ್ನು ಹಂತ ಹಂತವಾಗಿ ಅರಿಯಿತು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಮೊಳಕೆಯ ಬಾರ್ಲಿಯಿಂದ ಪಿಷ್ಟ ಕರಗಿಸುವ ಒಂದು ವಸ್ತುವನ್ನು ಬೇರ್ಪಡಿಸಿದರು. ಕುದಿಸಿದರೆ ಅದರ ಶಕ್ತಿ ಹೋಗುತ್ತಿತ್ತು. ಏಕೆ ಎಂಬುದು ತಿಳಿಯಲು ಸುಮಾರು ನೂರು ವರ್ಷ ಬೇಕಾಯಿತು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಕಿಣ್ವವನ್ನು ಹರಳಾಗಿಸಿ, ಅದು ಪ್ರೋಟೀನು ಎಂದು ತೋರಿಸಿದರು. ಆ ಕಿಣ್ವವನ್ನು ಅವರು ತೆಗೆದದ್ದು ಒಂದು ಬಗೆಯ ಅವರೆ ಜಾತಿಯ ಕಾಳಿನಿಂದ.

ನಮ್ಮ ಹೆಂಗಸರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು. ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಎಳ್ಳು ಹಚ್ಚಿ, ತೆಳ್ಳಗೆ ಬಡಿದು, ಕಾದ ಹಂಚಿನ ಮೇಲೆ ಹಾಕಿದರು. ಒಳಗಿನ ತೇವ ಆವಿಯಾಗುವಾಗ ಲೈಪೇಸ್ ಅಳಿಯಿತು. ಒಣಗಿಸಿದ ಮೇಲೆ ಬೂಷ್ಟಿಗೂ ಅವಕಾಶ ಉಳಿಯಲಿಲ್ಲ. ಬೇಗ ಕೆಡುವ ಹಿಟ್ಟಿನಿಂದಲೇ ವಾರಗಟ್ಟಲೆ ಬಾಳುವ ಖಡಕ್ ರೊಟ್ಟಿ ಹುಟ್ಟಿತು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಎಷ್ಟೋ ದಿನ ಮೊದಲೇ ಓಣಿಯ ಹೆಂಗಸರು ಸೇರಿ ಅವನ್ನು ಬಡಿದು ಇಟ್ಟಿರುತ್ತಾರೆ. ಅಂಥ ದಾಸೋಹ ಸಾಧ್ಯವಾಗಿರುವುದು ರೊಟ್ಟಿ ಕೆಡದೆ ಕಾಯುವುದರಿಂದ.

ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಎದ್ದವು. ಅಕ್ಕಿಗೆ ಹೊಳಪು ಕೊಟ್ಟಾಗ ಉದುರುವ ತೌಡಿನಲ್ಲಿ ನೂರಕ್ಕೆ 15ರಿಂದ 20 ಭಾಗ ಎಣ್ಣೆ, ಜೊತೆಗೆ ಅದೇ ಲೈಪೇಸ್. ಗಿರಣಿಯಿಂದ ಹೊರಬಿದ್ದ ಗಳಿಗೆಯಿಂದಲೇ ತೌಡು ಕೆಡಲು ತೊಡಗುತ್ತದೆ. ಬಿಸಿಲಿಗೆ ಹರವಿದರೆ ಸಾಲದು. ನಮ್ಮ ಬಿಸಿಲು ಕಿಣ್ವವನ್ನು ಚುರುಕುಗೊಳಿಸುವಷ್ಟು ಬಿಸಿ, ಕೊಲ್ಲುವಷ್ಟಲ್ಲ. ಅಡುಗೆ ಎಣ್ಣೆ ಬೇಕೆಂದರೆ ತೌಡನ್ನು ಬೇಗ ಎಣ್ಣೆ ಕಾರ್ಖಾನೆಗೆ ಸಾಗಿಸಬೇಕು, ಇಲ್ಲವೇ 100 ಡಿಗ್ರಿ ದಾಟಿದ ಹಬೆಯ ಕಾವು ಕೊಟ್ಟು ಕಿಣ್ವವನ್ನು ಅಳಿಸಬೇಕು.

ತೌಡಿಗೆ ಹಬೆ ಕೊಟ್ಟರೆ ಅದು ತಂತ್ರಜ್ಞಾನ. ಅದಕ್ಕೆ ಯಂತ್ರವಿದೆ, ಬೆಲೆಯಿದೆ, ಸಂಶೋಧನಾ ಲೇಖನಗಳಿವೆ. ಹಿಟ್ಟಿಗೆ ಹಂಚಿನ ಕಾವು ಕೊಟ್ಟರೆ ಅದು ಬರೀ ರೂಢಿ. ಎರಡೂ ಕಡೆ ಗೆದ್ದದ್ದು ಒಂದೇ ಕಿಣ್ವವನ್ನು. ಅಣೆಕಟ್ಟಿನ ಚರಿತ್ರೆ ಬರೆಯುವಾಗ ಎಷ್ಟು ಎಕರೆ, ಎಷ್ಟು ಚೀಲ ಎಂದು ಲೆಕ್ಕ ಇಡುತ್ತೇವೆ. ಮೇಲಿನ ಒಣಭೂಮಿಯಲ್ಲಿ ಹಿಟ್ಟು ಕಹಿಯಾಗುವ ಮುನ್ನ ಎಷ್ಟು ನಸುಕುಗಳು ಬೀಸುಕಲ್ಲಿನ ಮುಂದೆ ಕಳೆದವು ಎಂಬುದಕ್ಕೆ ಯಾವ ಗೆಜೆಟಿಯರಿನಲ್ಲೂ ಕೋಷ್ಟಕವಿಲ್ಲ. ಆ ಲೆಕ್ಕ ಅಜ್ಜಿಯರ ನೆನಪಿನಲ್ಲಿದೆ. ಕೇಳಿ ಬರೆದುಕೊಳ್ಳಲು ಇನ್ನೂ ಸ್ವಲ್ಪ ಕಾಲ ಉಳಿದಿದೆ.